ದಡಕ್ಕೆ ಬೆನ್ನು ಮಾಡಿ ಬಂದದ್ದು

ನನ್ನ ದೋಣಿಯ ಮೂತಿ ಮೊದಲು ಹಸಿರಾಗಿತ್ತು, ಈಗ ಹಳದಿ. ನನ್ನ ಮಚ್ಚೆ ಮೊದಲು ಎಡಗೆನ್ನೆಯಲ್ಲಿತ್ತು, ಈಗ ಬಲಗೆನ್ನೆಯಲ್ಲಿ. ಎರಡರ ಬಗ್ಗೆಯೂ ನನ್ನದೇನೂ ತಕರಾರಿಲ್ಲ. ನಾನು ಊರಿನವರ ನೆನಪಿನಿಂದ ಬದುಕಿ ಬಂದವನು. ಪುಕ್ಕಟೆ ಸಿಕ್ಕಿದ ಜೀವಕ್ಕೆ ಒಂದು ಮಚ್ಚೆ ಆಚೀಚೆ ಆಯಿತೆಂದು ಗೊಣಗಿದರೆ ನನ್ನಂಥ ಕೃತಘ್ನ ಇನ್ನೊಬ್ಬನಿರಲಾರ.

ನಮ್ಮೂರಿನ ಬಣ್ಣ ಮಳೆಗೆ ನಿಲ್ಲುವುದಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಗುಡ್ಡದ ಹಸಿರು ತೋಡಿಗಿಳಿಯುತ್ತದೆ, ಹಂಚಿನ ಕೆಂಪು ಅಂಗಳದಲ್ಲಿ ಹರಿಯುತ್ತದೆ, ಆಕಾಶದ ನೀಲಿ ತಲೆಯ ಮೇಲೇ ಸುರಿದು ಕೊಡೆಗಳನ್ನು ಕೆಡಿಸುತ್ತದೆ. ಎಲ್ಲ ಸೇರಿ ಸಮುದ್ರಕ್ಕೆ ಹೋಗಿ, ಅಲ್ಲೂ ನಿಲ್ಲದೆ ಎಲ್ಲಿಗೋ ಹೋಗಿಬಿಡುತ್ತದೆ. ಮಳೆಗಾಲ ಮುಗಿಯುವ ತನಕ ಸುಣ್ಣ ಹೊಡೆದ ಗೋಡೆಯಂತಿರುವ ಊರಿನಲ್ಲಿ ಕುಳಿತು ನಾವು ಬಲೆ ಹೆಣೆಯುತ್ತೇವೆ, ಒಣಮೀನು ಸುಡುತ್ತೇವೆ, ಪಕ್ಕದ ಮನೆಯವರನ್ನು ಆಡಿಕೊಳ್ಳುತ್ತೇವೆ. ಮಳೆ ಬಿಟ್ಟ ಮೇಲೆ ಕೇದಗೆಯ ಬಿಳಲು ಜಜ್ಜಿ ಕುಂಚ ಮಾಡಿಕೊಂಡು ಊರಿಗೆ ಊರೇ ಹೊರಗೆ ಬರುತ್ತದೆ. ಒಂದೊಂದು ಮನೆಗೆ ಒಂದೊಂದು ಪಾಲು. ಗುಡ್ಡ ಬರೆಯುವ ಮನೆಯವರು ನಿಧಾನಿಗಳು. ಆಕಾಶ ಬರೆಯುವ ಮನೆಯವರು ಉದ್ದದವರು, ಜಂಬದವರೂ ಹೌದು, ಊಟಕ್ಕೆ ಕುಳಿತಾಗಲೂ ಮೇಲೇ ನೋಡುತ್ತಾರೆ. ತೆಂಗಿನ ಮರದ ಪಾಲಿನವರಿಗೂ ಕಾಗೆಯ ಪಾಲಿನವರಿಗೂ ಪ್ರತಿವರ್ಷ ಜಗಳ, ಯಾಕೆಂದರೆ ಗರಿಯ ಬಣ್ಣ ಒಣಗುವ ಮೊದಲೇ ಕಾಗೆ ಹೋಗಿ ಕೂರುತ್ತದೆ.

ದೋಣಿಗಳ ನೀರ್ನೆರಳು ಬರೆಯುವುದು ತುಂಗಕ್ಕನ ಪಾಲು. ದಕ್ಕೆಯಲ್ಲಿ, ಅಂದರೆ ದೋಣಿಗಟ್ಟೆಯಲ್ಲಿ, ಕಟ್ಟಿದ ದೋಣಿ ನೀರಿನಲ್ಲಿ ಕಾಣುತ್ತದಲ್ಲ, ಅದೇ ನೀರ್ನೆರಳು. ತುಂಗಕ್ಕ ದೋಣಿಯನ್ನು ಎದುರಿಗಿಟ್ಟುಕೊಂಡು, ನೋಡಿ ನೋಡಿ, ನೀರಿನ ಮೇಲೆ ತಲೆಕೆಳಗಾಗಿ ಬರೆಯುತ್ತಾಳೆ. ನಾವು ಮೀನಿಗೆ ಹೋದಾಗ ದೋಣಿ ನಮ್ಮ ಜೊತೆ ಬರುತ್ತದೆ, ನೀರ್ನೆರಳು ದಕ್ಕೆಯಲ್ಲೇ ಉಳಿಯುತ್ತದೆ. ಸಂಜೆ ದೋಣಿ ಅದನ್ನು ಹುಡುಕಿಕೊಂಡು ಮನೆಗೆ ಬರುತ್ತದೆ. ನೀರ್ನೆರಳಿಲ್ಲದ ದೋಣಿಗೆ ದಡ ಸಿಗುವುದಿಲ್ಲ. ಅದಕ್ಕೇ ಮೊದಲ ಮಳೆಗೆ ಮುಂಚೆ ಎಲ್ಲ ದೋಣಿಗಳನ್ನೂ ಮೇಲೆಳೆದು ಹೆಣೆದ ತೆಂಗಿನ ಗರಿಯ ಮಡಲು ಮುಚ್ಚುತ್ತೇವೆ. ನನ್ನ ಅಜ್ಜನ ಕಾಲದಲ್ಲಿ ಒಂದು ದೋಣಿ ಹೊರಗೇ ಉಳಿದಿತ್ತಂತೆ. ಮಳೆ ಬಿಟ್ಟ ಮೇಲೆ ಅದರ ನೀರ್ನೆರಳನ್ನು ನೆನಪಿನಿಂದಲೇ ಬರೆದರು. ದೋಣಿ ಬಂತು. ಒಳಗೆ ಯಾರೂ ಇರಲಿಲ್ಲ. ತುಂಗಕ್ಕನ ಮನೆಯವರು ಬರೆಯುವುದು ಖಾಲಿ ದೋಣಿಯನ್ನು, ಮನುಷ್ಯರನ್ನು ನೀರಿನ ಮೇಲೆ ಯಾರೂ ಬರೆದವರಿಲ್ಲ.

ಎಲ್ಲದಕ್ಕೂ ಕೊನೆಯದು ಬೆಳಕು. ಅದು ನನ್ನ ಹೆಂಡತಿ ಗುಲಾಬಿಯ ಪಾಲು. ಮದುವೆಯಾಗಿ ಬರುವಾಗ ತವರಿನಿಂದ ಚಿಪ್ಪಿನ ಸುಣ್ಣದ ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡೇ ಬಂದವಳು. ಗುಡ್ಡ, ಮರ, ಮನೆ, ದೋಣಿ ಎಲ್ಲ ಬರೆದು ಮುಗಿದ ಮೇಲೆ ಅವಳು ನೀರಿಗಿಳಿದು ಅಲೆಯ ಬೆನ್ನಿನ ಮೇಲೆ ಬಿಳಿ ಗೀಟು ಎಳೆಯುತ್ತಾ ಹೋಗುತ್ತಾಳೆ. ಆಗ ಊರಿಗೆ ಬೆಳಕು ಬರುತ್ತದೆ. ಅಲ್ಲಿಯ ತನಕ ಬಣ್ಣವಿರುತ್ತದೆ, ಹೊಳಪಿರುವುದಿಲ್ಲ, ಮೀನು ಒಣಗುವುದಿಲ್ಲ, ಯಾರಿಗೂ ನಗಬೇಕೆನ್ನಿಸುವುದಿಲ್ಲ. ಆಮೇಲೆ ದಿನಾ ಬೆಳಗ್ಗೆ ಮಾಸಿದಲ್ಲಿ ಒಂದಿಷ್ಟು ತಿದ್ದಿ ಬಂದರೆ ಆಯಿತು. ಹೊಸ ಬೆಳಕು ಕೆಲವೊಮ್ಮೆ ಕೊಡಪಾನದೊಳಗೂ ಸೇರಿಕೊಂಡು ಬಂದು ಸಾರು ಹೊಳೆಯುತ್ತದೆ. ರುಚಿಯೇನೂ ಹೆಚ್ಚಾಗುವುದಿಲ್ಲ.

ಆ ವರ್ಷ ಮಳೆ ಹೇಳದೆ ಕೇಳದೆ ಬಂತು. ನಾನು ಹೊರಗಿದ್ದೆ. ಬಂಗುಡೆಯ ಹಿಂಡು ಸಿಕ್ಕಿತ್ತು, ಇನ್ನೊಂದು ಬಲೆ ಎಳೆದು ಹೊರಡೋಣ ಅಂದುಕೊಂಡಿದ್ದೆ, ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು. ಹನಿ ಬಿತ್ತು. ತಿರುಗಿ ನೋಡುವಾಗ ಗುಡ್ಡ ಕರಗುತ್ತಿತ್ತು. ಹುಟ್ಟು ಹಾಕಿದೆ, ರಟ್ಟೆ ಬಿದ್ದುಹೋಗುವಷ್ಟು ಹಾಕಿದೆ. ದಕ್ಕೆಯಲ್ಲಿ ನನ್ನ ನೀರ್ನೆರಳು ಕದಡಿಹೋದ ಗಳಿಗೆ ನನಗೆ ಗೊತ್ತಾಯಿತು. ದೋಣಿ ಒಮ್ಮೆಲೇ ಹಗುರವಾಗಿ, ಯಾವ ಕಡೆಗೂ ಹೋಗಲೊಲ್ಲದೆ ಸುಮ್ಮನೆ ನಿಂತಿತು.

ಆಮೇಲೆ ಇದ್ದದ್ದು ಬರೀ ಬಿಳಿ. ಮೇಲೂ ಅದೇ, ಕೆಳಗೂ ಅದೇ. ಹಸಿವಾಗುತ್ತಿರಲಿಲ್ಲ. ಆದರೂ ರೂಢಿಯಿಂದ ಮೀನು ಹಿಡಿದು ಬಾಯಿಗೆ ಹಾಕಿಕೊಂಡರೆ ಬಂಗುಡೆಯೋ ಬೂತಾಯಿಯೋ ತಿಳಿಯುತ್ತಿರಲಿಲ್ಲ. ದೋಣಿಯ ಬಣ್ಣ ಹೋಯಿತು. ಆಮೇಲೆ ನನ್ನ ಕಾಲಿನದು, ಮೊಣಕಾಲಿನದು, ಕೈಯದು. ನೋವಿರಲಿಲ್ಲ. ನೋವಿದ್ದರೂ ಆಗುತ್ತಿತ್ತು, ಇದ್ದೇನೆ ಎಂದಾದರೂ ಗೊತ್ತಾಗುತ್ತಿತ್ತು. ನಾನು ದೇವರನ್ನು ಬೈದೆ, ಮಳೆಯನ್ನು ಬೈದೆ, ಬೈಯಲು ಯಾರೂ ಉಳಿಯದಾಗ ಬಚ್ಚನನ್ನು ಬೈದೆ.

ಬಚ್ಚ ನನ್ನ ನೆರೆಯವನು. ದಕ್ಕೆಯಲ್ಲಿ ಅವನ ದೋಣಿ ನನ್ನದರ ಪಕ್ಕದಲ್ಲೇ. ಒಮ್ಮೆ ಅವನ ಬಲೆಯೂ ನನ್ನ ಬಲೆಯೂ ಸಿಕ್ಕು ಬಿದ್ದು, ಬಿಡಿಸುವಾಗ ಯಾರು ಯಾರದ್ದನ್ನು ಕತ್ತರಿಸಿದರು ಎಂಬಲ್ಲಿ ಮಾತು ಬಿಟ್ಟವರು ನಾವು. ಅಂದಿನಿಂದ ಅವನು ದಕ್ಕೆಯ ಮೇಲೆ ಕುಳಿತು ನನ್ನ ದೋಣಿಯನ್ನು ಕಣ್ಣಲ್ಲೇ ಸುಡುವವನಂತೆ ನೋಡುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, ಅವನದ್ದನ್ನು ನೋಡುತ್ತಿದ್ದೆ.

ಎಷ್ಟು ಕಾಲ ಹಾಗೆ ಕಳೆಯಿತೋ ತಿಳಿಯದು. ಒಂದು ಹೊತ್ತಿನಲ್ಲಿ ದೋಣಿಯ ಮೂತಿಗೆ ಬಣ್ಣ ಏರಿತು. ಕಣ್ಣೆದುರೇ, ಬಟ್ಟೆಗೆ ಅರಿಶಿನದ ನೀರು ಹಿಡಿದ ಹಾಗೆ ಮೆಲ್ಲಗೆ ಹರಡಿತು. ನನಗೆ ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. "ಯಾವನಾ ಅದ್, ನನ್ ದೋಣಿಗೆ ಹಳದಿ ಹೊಡುದ್?" ಎಂದು ಆ ಬಿಳಿಯಲ್ಲಿ ಕೂಗಿದೆ. ಕೂಗಿದ ಮೇಲೆ ಹೊಳೆಯಿತು. ಯಾರೋ ಬರೆಯುತ್ತಿದ್ದಾರೆ! ನಾನಿಲ್ಲದ ದಕ್ಕೆಯಲ್ಲಿ, ಇಲ್ಲದ ದೋಣಿಯನ್ನು ಯಾರೋ ನೀರಿನ ಮೇಲೆ ಬರೆಯುತ್ತಿದ್ದಾರೆ. ನಾನು ಗಂಡಸೆಂಬುದನ್ನು ಮರೆತು ಅತ್ತೆ.

ಒಂದೊಂದಾಗಿ ಬಂದವು. ಬದಿಯ ಕೆಂಪು ಪಟ್ಟೆ. ಅಡ್ಡಹಲಗೆಯ ಮೇಲೆ ಗಂಜಿಯ ಪಾತ್ರೆ ಇಟ್ಟು ಇಟ್ಟು ಆದ ಕರಿ ಗುರುತು. ಆಮೇಲೆ ಕಾಲಡಿಯಲ್ಲಿ ಏನೋ ಗಟ್ಟಿಯಾದಂತಾಯಿತು. ಬಗ್ಗಿ ನೋಡಿದರೆ ಅಡಿಯ ತೇಪೆ. ಹಲಸಿನ ಹಲಗೆ, ಸೊಟ್ಟಗೆ ಹೊಡೆದ ಮೊಳೆ ಕೂಡ ಸೊಟ್ಟಗೇ ಬಂದಿತ್ತು. ದೋಣಿ ಮಗುಚಿ ಹಾಕಿದಾಗ ಮಾತ್ರ ಕಾಣುವ ತೇಪೆ ಅದು. ಅದನ್ನು ಮೊಳೆಯ ಸಮೇತ ನೆನಪಿಟ್ಟುಕೊಳ್ಳುವಷ್ಟು ನನ್ನ ದೋಣಿಯನ್ನು ದಿಟ್ಟಿಸಿದವನು ಊರಿನಲ್ಲಿ ಒಬ್ಬನೇ. ನಾನು ಬಚ್ಚನಿಗೆ ಬೈದದ್ದೆಲ್ಲವನ್ನೂ ಅಲ್ಲೇ ಹಿಂತೆಗೆದುಕೊಂಡೆ.

ತೇಪೆ ಬಂದದ್ದೇ ದೋಣಿ ಅಲುಗಿತು. ಮನೆಗೆ ಹೊರಡುವ ಅಲುಗಾಟ ಅದು, ಮೀನುಗಾರನಿಗೆ ಅದು ಪಾದದಲ್ಲೇ ಗೊತ್ತಾಗುತ್ತದೆ. ಆಗ ನನ್ನ ಕೈ ನೋಡಿಕೊಂಡೆ. ಕೈ ಬಿಳಿಯಾಗಿಯೇ ಇತ್ತು. ಹುಟ್ಟು ಹಿಡಿದರೆ ಹುಟ್ಟು ಕಾಣುತ್ತಿತ್ತು, ಹಿಡಿದ ಬೆರಳು ಕಾಣುತ್ತಿರಲಿಲ್ಲ. ಅಜ್ಜನ ಕಾಲದ ಖಾಲಿ ದೋಣಿ ನೆನಪಾಯಿತು. ದೋಣಿ ಮನೆಗೆ ಹೋಗುತ್ತದೆ, ನಾನು ಹೋಗುವುದಿಲ್ಲ. ಗುಲಾಬಿ ಓಡಿ ಬಂದು ಒಳಗೆ ಇಣುಕುವುದನ್ನು ಯೋಚಿಸಿದೆ. ಅದರ ಮುಂದಿನದನ್ನು ಯೋಚಿಸಲು ಆಗಲಿಲ್ಲ. ಹಗ್ಗ ಹಿಡಿದು, ನಿಲ್ಲು, ಸ್ವಲ್ಪ ನಿಲ್ಲು ಎಂದು ದೋಣಿಯನ್ನೇ ಬೇಡಿಕೊಂಡೆ.

ಆಗ ಕುತ್ತಿಗೆಯ ಹಿಂದೆ ತಣ್ಣಗಾಯಿತು, ಒದ್ದೆ ಕುಂಚ ಇಟ್ಟ ಹಾಗೆ. ಅಲ್ಲಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ. ಬೆನ್ನು ನನಗೆ ಕಾಣಲಿಲ್ಲ, ಆದರೆ ಅಂಗಿಯ ಭಾರ ಬಂತು, ಬೆವರು ಬಂತು, ಕೊನೆಗೆ ಬಲಭುಜದ ಮೇಲೆ ಏನೋ ಚುಚ್ಚತೊಡಗಿತು. ಅಂಗಿ ಹರಿದಲ್ಲಿ ಗುಲಾಬಿ ಹಾಕಿದ ಹೊಲಿಗೆಯ ಗಂಟು! ಒರಟು ನೂಲಿನಲ್ಲಿ ದಪ್ಪಗೆ ಗಂಟು ಹಾಕಿದ್ದಳು. ಹುಟ್ಟು ಹಾಕುವಾಗೆಲ್ಲ ಚುಚ್ಚುತ್ತದೆ ಎಂದು ನಾನು ದಿನಾ ರೇಗುತ್ತಿದ್ದ ಗಂಟು. ಜನ್ಮದಲ್ಲಿ ನನಗೆ ಯಾವುದೂ ಅಷ್ಟು ಹಿತವಾಗಿ ಚುಚ್ಚಿರಲಿಲ್ಲ. ಗುಲಾಬಿ ಬರೆಯುತ್ತಿದ್ದಾಳೆ ಎಂದು ತಿಳಿದು ನಾನು ಅಲುಗಾಡದೆ ನಿಂತೆ, ಉಸಿರನ್ನೂ ಮೆಲ್ಲಗೆ ಬಿಟ್ಟೆ.

ಆದರೆ ವಿಚಿತ್ರ ನೋಡಿ. ಬೆನ್ನು ತುಂಬಿದ ಹಾಗೇ ಯಾರೋ ಭುಜ ಹಿಡಿದು ತಿರುಗಿಸಿದಂತೆ ನಾನು ದೋಣಿಯ ಸಮೇತ ತಿರುಗಿದೆ. ದೋಣಿ ಹಿಮ್ಮುಖವಾಗಿ ಹೊರಟಿತು. ಮೂತಿ ಕಡಲಿನ ಕಡೆ, ನನ್ನ ಮುಖವೂ ಕಡಲಿನ ಕಡೆ. ತಿರುಗಿ ನಿಲ್ಲಲು ನೋಡಿದರೆ ಕತ್ತು ಹೊರಳಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಣದೆ, ಹೋಗುತ್ತಿದ್ದೇನೆಂದು ಮಾತ್ರ ಗೊತ್ತಾಗುತ್ತಾ ಹೋದೆ. ಸ್ವಲ್ಪ ಹೊತ್ತಿನಲ್ಲಿ ದೋಣಿಯ ಎರಡೂ ಬದಿಯಿಂದ ಬಿಳಿ ಗೀಟುಗಳು ನುಸುಳಿ ನನ್ನೆದುರಿಗೆ ಬರತೊಡಗಿದವು. ಒಂದೊಂದು ಅಲೆಯ ಬೆನ್ನಿನ ಮೇಲೂ ಒಂದೊಂದು. ಹೊಳೆಯುತ್ತಿದ್ದವು. ನಾನು ಬಂದ ದಾರಿಯುದ್ದಕ್ಕೂ ನೀರು ನೀಲಿಯಾಗಿ, ಅದರ ಮೇಲೆ ಬೆಳಕು ಹತ್ತಿಕೊಳ್ಳುತ್ತಾ ದೂರ ದೂರ ಹೋಯಿತು. ಆ ಕೈಯ ಗೀಟು ನನಗೆ ಗೊತ್ತಿಲ್ಲವೆ? ಕೊನೆಯಲ್ಲಿ ಸಣ್ಣಗೆ ಬಾಲ ಬಿಡುತ್ತಾಳೆ.

ಅಳಿವೆ ದಾಟಿದ್ದು ನೀರಿನ ಸದ್ದಿನಲ್ಲಿ ತಿಳಿಯಿತು. ಆಮೇಲೆ ಜನರ ಸದ್ದು. ನಾನು ಬೆನ್ನು ಮಾಡಿಕೊಂಡೇ ದಕ್ಕೆಗೆ ಬಂದೆ. ಹಿಂದಿನಿಂದ ಬಚ್ಚನ ಗಂಟಲು ಕೇಳಿತು. "ಹ್ವಾಯ್, ಹಿಂದ್ ಮುಂದಾಯಿ ಬತ್ತಾ ಇದ್ದ ಮರ್ರೆ ಈ ಶೀನ! ಇವ್ನ್ ಯಾವತ್ತ್ ಸರಿ ಬಂದಿದ್ದ?"

ಮಾತು ಬಿಟ್ಟವನು ಮೊದಲು ಆಡಿದ ಮಾತು ಅದು. ನಾನು ಉತ್ತರ ಕೊಡುವ ಮೊದಲೇ ಗುಲಾಬಿ ಹೇಳಿದಳು, "ತಿರುಗ್ಬೇಡಿ ಈಗ್ಳೇ. ಮೊದ್ಲ್ ಕಾಲ್ ಊರಿ."

ಕಾಲೂರಿದೆ. ತಿರುಗಿದೆ. ನನ್ನ ಎದುರುಬದಿಗೆ ಬಣ್ಣವಿರಲಿಲ್ಲ. ಎದೆ, ಹೊಟ್ಟೆ, ಮುಖ ಎಲ್ಲ ಸುಣ್ಣ. ಕಣ್ಣು ಮೂಗು ಇದ್ದವಂತೆ, ಆದರೆ ಬಿಳಿ ಹಾಳೆಯನ್ನು ಮಡಚಿ ಬಿಡಿಸಿದರೆ ಗೆರೆ ಕಾಣುತ್ತದಲ್ಲ, ಅಷ್ಟೇ. ನೀರಿನಲ್ಲಿ ನೋಡಿದೆ. ಹಳದಿ ಮೂತಿಯ ದೋಣಿಯ ನೀರ್ನೆರಳು, ಅದರೊಳಗೆ ಒಬ್ಬ ಮನುಷ್ಯನ ಬೆನ್ನು. ಗುಲಾಬಿ ಬರೆದದ್ದು ಅಷ್ಟೇ.

ನಡೆದದ್ದನ್ನು ಆಮೇಲೆ ಎಲ್ಲರೂ ಒಟ್ಟಿಗೇ ಹೇಳಿದರು. ಮಳೆ ಬಿಟ್ಟು ಊರೆಲ್ಲ ಬರೆದು ಮುಗಿದರೂ ಗುಲಾಬಿ ಬೆಳಕು ಹಾಕಲು ಇಳಿಯಲಿಲ್ಲ. ಸುಣ್ಣದ ಮಡಕೆ ಕವುಚಿಟ್ಟು ಅದರ ಪಕ್ಕದಲ್ಲಿ ದಕ್ಕೆಯ ಮೇಲೆ ಕುಳಿತುಬಿಟ್ಟಳು. "ದೋಣಿಯೆಲ್ಲಾ ಬರ್ದಾದ್ ಮೇಲೆ ಅಲ್ದಾ ಬೆಳಕ್? ಒಂದ್ ದೋಣಿ ಬಾಕಿ ಇತ್ತ್" ಎಂದಳಂತೆ. ತುಂಗಕ್ಕ ಬಂದು, "ಹೆಣೆ, ಕಾಣದ್ದನ್ನ ನಾ ಹ್ಯಾಂಗೆ ಬರೂದ್? ಬರ್ದ್ರೂ ಖಾಲಿ ದೋಣಿಯೇ ಬಪ್ಪುದ್, ನಿಂಗೆ ಗೊತ್ತಿತ್ತಲೆ" ಎಂದಳು. "ನೀವ್ ದೋಣಿ ಬರೀನಿ. ಅವ್ರನ್ನ ನಾ ಬರಿತೆ" ಎಂದಳು ಗುಲಾಬಿ. ಗುಲಾಬಿಗೆ ಬಿಳಿ ಬಿಟ್ಟರೆ ಬೇರೆ ಬಣ್ಣ ಮುಟ್ಟಿ ಗೊತ್ತಿರಲಿಲ್ಲ.

ಬೆಳಕಿಲ್ಲದ ಊರಿನಲ್ಲಿ ಮೀನು ಕೊಳೆಯುತ್ತಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಆದರೂ ಒಬ್ಬರೂ ಬಂದು, ಬೆಳಕು ಹಾಕು ಎಂದು ಅವಳನ್ನು ಕೇಳಲಿಲ್ಲ. ಈ ಊರಿನ ಬಗ್ಗೆ ನಾನು ಏನು ಬೇಕಾದರೂ ಆಡಿಕೊಂಡೇನು, ಇದೊಂದನ್ನು ಮಾತ್ರ ಮರೆಯಲಾರೆ. ಬೆಳಕು ಕೇಳುವ ಬದಲು ನೆನಪು ತಂದುಕೊಟ್ಟರು. ಮೀನು ಮಾರುವ ಹೆಂಗಸರು ಬಂದು ಮೂತಿ ಹಳದಿ ಎಂದರು, ಎಲ್ಲರೂ ಒಂದೇ ಬಾಯಲ್ಲಿ. ಅವರ ಎದುರು ವಾದಕ್ಕೆ ನಿಲ್ಲುವ ಗಂಡಸು ನಮ್ಮೂರಿನಲ್ಲಿ ಹುಟ್ಟಿಲ್ಲ. ಪಟ್ಟೆಯನ್ನು ಒಬ್ಬರು ಹೇಳಿದರು, ಗಂಜಿ ಪಾತ್ರೆಯ ಗುರುತನ್ನು ಇನ್ನೊಬ್ಬರು. ತುಂಗಕ್ಕ ಹಾಗೇ ಬರೆದಳು. ಆದರೂ ಬರೆದದ್ದು ನೀರಿನ ಮೇಲೆ ನಿಲ್ಲದೆ ತೇಲಿ ತೇಲಿ ಹೋಗುತ್ತಿತ್ತು. ಕೊನೆಗೆ ಬಚ್ಚ ತನ್ನ ಜಾಗದಿಂದ ಎದ್ದು ಬಂದ. "ಅಡಿಗೆ ಎಡಬದಿಗೆ ಒಂದ್ ತೇಪೆ ಇತ್ತ್, ತುಂಗಕ್ಕ. ಹಲಸಿನ ಹಲಗೆ. ಒಂದ್ ಮೊಳೆ ಸೊಟ್ಟ ಹೊಡ್ದಿದ್ದ, ಕೆಲ್ಸ ಗೊತ್ತಿಲ್ದವ" ಎಂದ. ತೇಪೆ ಬರೆದ ಮೇಲೆ ದೋಣಿ ನೀರಿನಲ್ಲಿ ಗಟ್ಟಿಯಾಗಿ ನಿಂತಿತು.

ಆಮೇಲೆ ಗುಲಾಬಿಯ ಸರದಿ. ಕೆಮ್ಮಣ್ಣು, ಮಸಿ, ಒಂದಿಷ್ಟು ಅರಿಶಿನ ಕಲಸಿಕೊಂಡು ಕುಂಚ ಎತ್ತಿದಳು. ನನ್ನ ಮುಖ ಬರಲಿಲ್ಲ. ಕೈಗಲ್ಲ, ನೆನಪಿಗೇ ಬರಲಿಲ್ಲ. ಇಷ್ಟು ಕಾಲ ಒಟ್ಟಿಗೆ ಉಂಡು ಮಲಗಿದವಳಿಗೆ ಕಣ್ಣು ಮುಚ್ಚಿದರೆ ಮೀಸೆ ಹೇಗಿತ್ತೆಂದೇ ತಿಳಿಯಲಿಲ್ಲ. "ನಿಮ್ಮನ್ನ ನಾನೇ ಕೊಂದ್ಬಿಟ್ಟೆ ಅಂದೇಳಿ ಅಂದ್ಕಂಡೆ" ಎಂದು ಆಮೇಲೆ ಒಮ್ಮೆ ನನ್ನೊಡನೆ ಹೇಳಿದಳು. ದಿನಾ ಬೆಳಗ್ಗೆ ಅವಳು ಬೆಳಕು ತಿದ್ದಲು ನೀರಿನಲ್ಲಿ ನಿಂತಿರುವಾಗ ನಾನು ದೋಣಿ ನೂಕಿ ಹೋಗುವವನು. ಅವಳು ತಲೆಯೆತ್ತಿ ನೋಡುವ ಹೊತ್ತಿಗೆ ಕಾಣುವುದು ನನ್ನ ಬೆನ್ನು. ಅವಳು ನನ್ನನ್ನು ನಿಂತು ನೋಡುತ್ತಿದ್ದದ್ದು ಆವಾಗ ಮಾತ್ರ, ಅಳಿವೆಯ ತಿರುವಿನಲ್ಲಿ ಮರೆಯಾಗುವ ತನಕ. ಅದು ಚೆನ್ನಾಗಿ ನೆನಪಿತ್ತು. ಹೊಲಿಗೆಯ ಗಂಟಿನ ತನಕ ನೆನಪಿತ್ತು. ಗೊತ್ತಿದ್ದದ್ದನ್ನು ಬರೆದಳು. ಬರೆದು ಮುಗಿಸಿ, ಮಡಕೆ ನೆಟ್ಟಗೆ ಮಾಡಿ, ಬೆಳಕು ಹಾಕುತ್ತಾ ಎದೆಮಟ್ಟದ ನೀರಿನ ತನಕ ನಡೆದಳು.

ಆವತ್ತು ದಕ್ಕೆಯಲ್ಲಿ ಸುಣ್ಣದ ಮುಖ ಹೊತ್ತು ನಿಂತ ನನ್ನನ್ನು ಅವಳು ಒಂದು ಬುಟ್ಟಿಯ ಮೇಲೆ ಕೂರಿಸಿದಳು. ತುಂಗಕ್ಕ ಕುಂಚ ಕೊಡಲು ಹೋದರೆ ಬೇಡವೆಂದು ಬೆರಳಲ್ಲೇ ಬಣ್ಣ ತೆಗೆದುಕೊಂಡಳು. ಎದೆ, ಹೊಟ್ಟೆ ಬೇಗ ಬೇಗ ಮುಗಿಸಿ ಮುಖಕ್ಕೆ ಬಂದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಹಣೆ, ಮೂಗು, ಮೀಸೆ. ಹುಬ್ಬು ಬರೆಯುವಾಗ, "ಇದ್ ಇಷ್ಟ್ ದಪ್ಪ ಇತ್ತಾ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಕೊನೆಗೆ ಮಸಿ ಅದ್ದಿದ ಬೆರಳನ್ನು ಎತ್ತಿ ಹಿಡಿದು ಸ್ವಲ್ಪ ತಡೆದಳು. "ಮಚ್ಚೆ ಒಂದಿತ್ತ್ ನಿಮ್ಗೆ. ನಂಗೆ ನೆನಪಿತ್ತ್" ಎಂದಳು. ಅವಳ ಕಣ್ಣು ತುಂಬಿತ್ತು, ನನ್ನ ಮುಖದ್ದು ಒಂದಾದರೂ ನೆನಪಿದೆಯಲ್ಲ ಎಂಬ ಸಂತೋಷಕ್ಕೆ. ಬೆರಳನ್ನು ನನ್ನ ಬಲಗೆನ್ನೆಗೆ ಒತ್ತಿದಳು. "ಹೌದಾ? ಇಲ್ಲೇ ಅಲ್ದಾ?"

"ಅಲ್ಲೇ" ಎಂದೆ.

ಅವಳ ಬೆರಳು ಹೋದಲ್ಲೆಲ್ಲ ನನ್ನ ಮುಖ ಬಿಸಿಯಾಗುತ್ತಾ ಬಂತು. ಮುಖ ಬರೆದು ಮುಗಿದ ಮೇಲೆ ಅವಳಿಗೆ ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೆ. ಹೇಳಲಾಗದೆ, ಹಸಿವಾಗುತ್ತಿದೆ ಎಂದೆ. ದಕ್ಕೆಗೆ ದಕ್ಕೆಯೇ ನಕ್ಕಿತು. ಬಚ್ಚ ತನ್ನ ಬುತ್ತಿ ಬಿಚ್ಚಿ ನನ್ನೆದುರು ಇಟ್ಟ. ಗಂಜಿ, ಒಣಸೀಗಡಿ ಚಟ್ನಿ. ಚಟ್ನಿಗೆ ಖಾರವಿತ್ತು, ಉಪ್ಪಿತ್ತು, ಕೆಂಪಿತ್ತು. ತಿನ್ನುತ್ತಾ ಅತ್ತೆ, ಖಾರಕ್ಕೆ ಎಂದು ಎಲ್ಲರೂ ತಿಳಿದುಕೊಂಡರು ಅಥವಾ ತಿಳಿದುಕೊಂಡ ಹಾಗೆ ಮಾಡಿದರು.

ಮೂತಿ ಹಸಿರಾಗಿದ್ದದ್ದು ಗುಲಾಬಿಗೆ ಗೊತ್ತಿತ್ತಂತೆ. "ಅಷ್ಟ್ ಜನ ಹಳದಿ ಅಂದ್ರೆ ಹಳದಿಯೇ ಗಟ್ಟಿ ನಿಲ್ತ್, ಅದ್ಕೆ ಬಿಟ್ಟೆ" ಎಂದಳು. ನೀರಿನಲ್ಲಿದ್ದ ಬೆನ್ನನ್ನು ಅಳಿಸಬೇಕೆಂದು ತುಂಗಕ್ಕ ಹೇಳಿದಳು, ಗುಲಾಬಿ ಬಿಡಲಿಲ್ಲ. ಮುಂದಿನ ಮಳೆಗೆ ಅದು ತಾನಾಗಿಯೇ ಕರಗಿ ಹೋಗುವಾಗ ನಾವಿಬ್ಬರೂ ಒಂದೇ ಕೊಡೆಯಡಿ ನಿಂತು ನೋಡಿದೆವು. ಆ ವರ್ಷ ಹನಿ ಬೀಳುವುದಕ್ಕೆ ಎಷ್ಟೋ ಮೊದಲೇ ನಾನೂ ಬಚ್ಚನೂ ಸೇರಿ ಎರಡೂ ದೋಣಿಗಳನ್ನು ಮೇಲೆಳೆದಿದ್ದೆವು. ಬಲೆ ಕತ್ತರಿಸಿದ್ದು ಯಾರೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಈಗ ನಮ್ಮೂರಿನಲ್ಲಿ ಒಂದು ಹೊಸ ರೂಢಿಯಾಗಿದೆ. ಬೆಳಗ್ಗೆ ಮೀನಿಗೆ ಹೊರಡುವವರು ದೋಣಿ ನೂಕಿ ಹತ್ತಿದ ಮೇಲೆ ಒಮ್ಮೆ ದಡದ ಕಡೆ ತಿರುಗಿ ನಿಲ್ಲುತ್ತಾರೆ. ಯಾರೂ ಕೈ ಬೀಸುವುದಿಲ್ಲ, ಸುಮ್ಮನೆ ಮುಖ ಕೊಟ್ಟು ನಿಲ್ಲುತ್ತಾರೆ. ದಡದಲ್ಲಿದ್ದವರು ನೋಡಿಕೊಳ್ಳುತ್ತಾರೆ. ಮೊದಮೊದಲು ಎಲ್ಲರಿಗೂ ನಾಚಿಕೆಯಾಗುತ್ತಿತ್ತು. ಬಚ್ಚನಂತೂ ಹಲ್ಲು ನೋವಿದ್ದವನ ಹಾಗೆ ಮುಖ ಮಾಡಿ ನಿಲ್ಲುತ್ತಾನೆ, ಅವನ ಹೆಂಡತಿ ಅದನ್ನೇ ಬರೆದರೆ ಕಥೆ ಮುಗಿಯಿತು.

ಗುಲಾಬಿ ಸುಣ್ಣದ ಮಡಕೆ ಸೊಂಟದಲ್ಲಿಟ್ಟುಕೊಂಡು ಮೊಣಕಾಲು ನೀರಿನಲ್ಲಿ ನಿಂತು ನನ್ನನ್ನು ಹಣೆಯಿಂದ ಶುರುಮಾಡಿ ನೋಡುತ್ತಾಳೆ. "ಮಚ್ಚೆ ಬಲಕ್ಕೆ. ಸರಿ, ಹೋಯಿ ಬನ್ನಿ" ಎನ್ನುತ್ತಾಳೆ. ಆದರೂ ನಾನು ತಿರುಗದೆ ಇನ್ನೊಂದು ಗಳಿಗೆ ನಿಲ್ಲುತ್ತೇನೆ. ಅವಳ ಕಿವಿಯ ಮೇಲೆ ಹಾರಿದ ಸುಣ್ಣದ ಹನಿ, ಬಿಸಿಲಿಗೆ ಕಿರಿದಾದ ಕಣ್ಣು, ಮೂಗಿನ ಪಕ್ಕದ ಸಣ್ಣ ಗಾಯದ ಗುರುತು, ಒಂದೊಂದನ್ನೂ ನೋಡಿಕೊಳ್ಳುತ್ತೇನೆ. ಯಾವಾಗಲಾದರೂ ಕುಂಚ ನನ್ನ ಕೈಗೆ ಬಂದರೆ ನನಗೂ ಗೊತ್ತಿರಬೇಕಲ್ಲ.